ಫೊಂತೈನ್ಯಾಸ್: ಪಣಜಿಯ ಹೊಳೆಯಂಚಿನ ಕೇರಿ



ಬೆಳಗಾವಿ, ಹುಬ್ಬಳ್ಳಿ, ಕಾರವಾರಗಳ ಕಡೆಯಿಂದ ಗೋವಾಕ್ಕೆ ಹೋಗುವ ಬಸ್ಸುಗಳು ಪಣಜಿಯಲ್ಲಿ ನಿಲ್ಲುವ ಜಾಗಕ್ಕೆ ಪಾಟೊ ಎಂದು ಹೆಸರು. ನಮ್ಮ ಜನ ಅಲ್ಲಿ ಇಳಿದು, ಗಂಟು ಹೆಗಲಿಗೇರಿಸಿ, ತಮ್ಮ ತಮ್ಮ ಕೆಲಸಕ್ಕೆ ನಡೆದುಬಿಡುತ್ತಾರೆ. ನಿಲ್ದಾಣದ ಪಶ್ಚಿಮಕ್ಕೆ ಒಂದು ಸಣ್ಣ ಉಪ್ಪುನೀರಿನ ಹೊಳೆ ಇದೆ. ಅದಕ್ಕೆ ಔರೆಂ ಎನ್ನುತ್ತಾರೆ. ಆ ಹೊಳೆಯ ಆಚೆ ದಂಡೆಗೂ ಅದರ ಹಿಂದಿರುವ ಅಲ್ತಿನ್ಯೊ ಗುಡ್ಡಕ್ಕೂ ನಡುವೆ ಉದ್ದಕ್ಕೆ ಸಿಕ್ಕಿಕೊಂಡಂತೆ ಒಂದು ಹಳೆಯ ಕೇರಿ ಉಂಟು. ನೀಲಿ, ಹಳದಿ, ಕಾವಿ ಬಣ್ಣದ ಗೋಡೆಗಳು, ಕೆಂಪು ಹೆಂಚು, ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಸರಿದು ನಿಲ್ಲಬೇಕಾದಂಥ ಓಣಿಗಳು. ಅದೇ ಫೊಂತೈನ್ಯಾಸ್. ಇಂದಿನ ಮಾತು ಆ ಕೇರಿಯ ಬಗ್ಗೆ.

ಹೆಸರಿನ ಅರ್ಥ ಸರಳವಾದದ್ದು. ಪೋರ್ಚುಗೀಸ್ ಭಾಷೆಯಲ್ಲಿ ಫೊಂತೆ ಎಂದರೆ ಒರತೆ, ಫೊಂತೈನ್ಯಾಸ್ ಎಂದರೆ ಪುಟ್ಟ ಪುಟ್ಟ ಒರತೆಗಳು. ಗುಡ್ಡದ ಬುಡದಲ್ಲಿ ಚಿರೇಕಲ್ಲಿನ ಪದರಗಳ ನಡುವಿನಿಂದ ಜಿನುಗುವ ನೀರನ್ನು ಕಟ್ಟೆ ಕಟ್ಟಿ ಹಿಡಿದಿದ್ದಾರೆ. ಅದರ ಹೆಸರು ಫೊಂತೆ ಫೆನಿಕ್ಸ್. ಊರಿನ ಇನ್ನೊಂದು ಒರತೆಗೆ ಬೊಕಾ ದ ವಾಕಾ, ಅಂದರೆ ಹಸುವಿನ ಬಾಯಿ ಎಂದು ಹೆಸರಿಟ್ಟರು. ನಾವು ಗೋಮುಖ ಎನ್ನುವುದನ್ನೇ ಅವರೂ ತಮ್ಮ ಭಾಷೆಯಲ್ಲಿ ಎಂದರು, ಅಷ್ಟೆ. ನಲ್ಲಿ ಬರುವ ಮೊದಲು ಪಣಜಿ ಕುಡಿದದ್ದು ಇಂಥ ಒರತೆಗಳ ನೀರನ್ನು. ಎದುರಿಗೆ ಮಾಂಡೋವಿಯಂಥ ದೊಡ್ಡ ನದಿ ಇದ್ದರೂ ಅದು ಅಲ್ಲಿ ಉಪ್ಪು. ಕುಡಿಯಲು ಬಾರದು.

ಈ ಮಾಂಡೋವಿಯೇ ನಮ್ಮ ಮಹದಾಯಿ ಎಂಬುದನ್ನು ಗಡಿಯ ಜನಕ್ಕೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ಸುಮಾರು 80 ಕಿಲೊಮೀಟರು ಹರಿದು, ಪಣಜಿಯ ಮುಂದೆ ಕಡಲು ಸೇರುತ್ತದೆ. ಔರೆಂ ಅದರ ಒಂದು ಕೊನೆಯ ಕವಲು. ದಿನಕ್ಕೆರಡು ಸಲ ಭರತದ ನೀರು ಒಳಗೆ ಏರುತ್ತದೆ, ಇಳಿತದಲ್ಲಿ ಕೆಸರು ಕಾಣುತ್ತದೆ. ದಂಡೆಯಲ್ಲಿ ಕಾಂಡ್ಲಾ ಗಿಡಗಳು. ಅಂಕೋಲಾ, ಕುಮಟಾ ಕಡೆಯವರು ಗಜನಿ ಭೂಮಿ ಎನ್ನುತ್ತಾರಲ್ಲ, ಗೋವಾದವರು ಅದನ್ನೇ ಖಾಜನ ಎನ್ನುತ್ತಾರೆ. ಈಗ ಬಸ್ ನಿಲ್ದಾಣ, ಬ್ಯಾಂಕು, ಕಚೇರಿಗಳು ಇರುವ ಪಾಟೊ ಕೂಡ ಹಿಂದೆ ಅಂಥ ಜವುಗು ನೆಲವೇ ಆಗಿತ್ತು.

ಫೊಂತೈನ್ಯಾಸ್ ಹುಟ್ಟುವುದಕ್ಕಿಂತ ಬಹಳ ಮೊದಲೇ ಈ ದಂಡೆಗೆ ಕನ್ನಡನಾಡಿನ ನಂಟು ಇತ್ತು. ಗೋವೆಯ ಕದಂಬರು ಚಂದ್ರಪುರದಿಂದ, ಎಂದರೆ ಇಂದಿನ ಚಾಂದೋರದಿಂದ, ರಾಜಧಾನಿಯನ್ನು ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ ತಂದದ್ದು 11ನೇ ಶತಮಾನದಲ್ಲಿ. ಅವರ ಹೆಸರನ್ನೇ 1980ರಲ್ಲಿ ಗೋವಾ ಸರ್ಕಾರ ತನ್ನ ಸಾರಿಗೆ ನಿಗಮಕ್ಕೆ ಇಟ್ಟುಕೊಂಡಿತು. ಮುಂದೆ ವಿಜಾಪುರದ ಯೂಸುಫ್ ಆದಿಲಶಾಹ ಮಾಂಡೋವಿಯ ದಂಡೆಯಲ್ಲಿ ಕೋಟೆಯಂಥ ಅರಮನೆ ಕಟ್ಟಿಸಿದ. ಆದಿಲ್ ಖಾನ್ ಎಂಬುದು ಪೋರ್ಚುಗೀಸರ ಬಾಯಿಯಲ್ಲಿ ಇದಾಲ್ಕಾಂವ್ ಎಂದಾಗಿ, ಆ ಕಟ್ಟಡಕ್ಕೆ ಇಂದಿಗೂ ಅದೇ ಹೆಸರು. 1510ರಲ್ಲಿ ಆಲ್ಬುಕರ್ಕನಿಗೆ ಗೋವೆಯ ದಾರಿ ತೋರಿಸಿದವನು ಹೊನ್ನಾವರ ಕಡೆಯ ತಿಮ್ಮಯ್ಯ. ಅವನು ಬಯಸಿದ್ದೇನು, ಪಡೆದದ್ದೇನು ಎಂಬುದು ಬೇರೆಯೇ ಒಂದು ಭಾಷಣದ ವಿಷಯ.

ಗೆದ್ದವರು ಪಣಜಿಯಲ್ಲಿ ಕೂರಲಿಲ್ಲ. ನದಿಯಲ್ಲಿ ಮೇಲಕ್ಕೆ ಹೋಗಿ ಇಂದು ಹಳೇ ಗೋವಾ ಎನ್ನುವ ಪಟ್ಟಣವನ್ನು ಕಟ್ಟಿ ಬೆಳೆಸಿದರು. ಪಣಜಿ ಮೀನುಗಾರರ, ತೆಂಗು ಬೆಳೆಯುವವರ ಹಳ್ಳಿಯಾಗಿಯೇ ಉಳಿಯಿತು. 1633-34ರಲ್ಲಿ ಲಿನ್ಯಾರಿಸ್ ಕೌಂಟ್ ಎಂಬ ವೈಸರಾಯ್ ಪಣಜಿಯಿಂದ ರಾಯಬಂದರಕ್ಕೆ ಜವುಗಿನ ಮೇಲೆ ಸುಮಾರು 3 ಕಿಲೊಮೀಟರಿನ ಕಲ್ಲುಕಟ್ಟೆಯ ದಾರಿ ಹಾಕಿಸಿದ. ಸುಮಾರು 400 ವರ್ಷ ಕಳೆದರೂ ಅದರ ಮೇಲೆ ಇಂದಿಗೂ ವಾಹನ ಓಡುತ್ತವೆ. ಜವುಗಿನಲ್ಲಿ ಅಡಿಪಾಯ ನಿಲ್ಲಿಸುವ ವಿದ್ಯೆ ಆ ಕಾಲದವರಿಗೆ ಚೆನ್ನಾಗಿ ತಿಳಿದಿತ್ತು ಎನ್ನಬೇಕು. ಅದೇ ಮಾಂಡೋವಿಯ ಮೇಲೆ 1970ರಲ್ಲಿ ತೆರೆದ ದೊಡ್ಡ ಸೇತುವೆ 1986ರ ಜುಲೈ 5ರಂದು ಕುಸಿದು ಹೊಳೆಗೆ ಬಿತ್ತು.

ಹಳೇ ಗೋವಾವನ್ನು ಶತ್ರು ಕೆಡವಲಿಲ್ಲ, ರೋಗ ಕೆಡವಿತು. ಜನಸಂದಣಿ, ಕೆಟ್ಟ ಬಾವಿಗಳು, ಮಲೇರಿಯಾ, ಕಾಲರಾ. 17ನೇ ಶತಮಾನದಲ್ಲಿ ಒಂದರ ಹಿಂದೊಂದು ಪಿಡುಗು ಬಂದು ಊರು ಖಾಲಿಯಾಗುತ್ತ ಹೋಯಿತು. ಕಡೆಗೆ 1759ರಲ್ಲಿ ವೈಸರಾಯ್ ತನ್ನ ಬಿಡಾರವನ್ನು ಪಣಜಿಯ ಆದಿಲಶಾಹನ ಅರಮನೆಗೆ ಬದಲಿಸಿದ. ಧಣಿ ಬಂದಲ್ಲಿಗೆ ಗುಮಾಸ್ತ ಬರಲೇಬೇಕು. ಗುಮಾಸ್ತನಿಗೆ ಮನೆ ಬೇಕು. ಫೊಂತೈನ್ಯಾಸ್ ಬೆಳೆದದ್ದು ಈ ಕಾರಣದಿಂದ.

ಅದಕ್ಕೆ ಮೊದಲು ಅಲ್ಲಿ ಇದ್ದದ್ದು ತೆಂಗಿನ ತೋಟ. ಆಂತೋನಿಯೊ ಜುವಾಂವ್ ದೆ ಸಿಕೇರ ಎಂಬ ಗೋವಾದವನೊಬ್ಬ ಆಫ್ರಿಕದ ಮೊಜಾಂಬಿಕಿನಲ್ಲಿ ಹಣ ಗಳಿಸಿ ಬಂದಿದ್ದ. ಊರವರು ಅವನನ್ನು ಮೊಸ್ಮಿಕಾರ ಎಂದೇ ಕರೆದರು. ದುಬೈಗೆ ಹೋಗಿ ಬಂದವನನ್ನು ನಮ್ಮಲ್ಲಿ ದುಬೈ ಎಂದೇ ಕರೆಯುತ್ತೇವಲ್ಲ, ಹಾಗೆ. 18ನೇ ಶತಮಾನದ ಉತ್ತರಾರ್ಧದಲ್ಲಿ ಅವನು ಹೊಳೆಯಂಚಿನ ಈ ನೆಲವನ್ನು ಹಸನು ಮಾಡಿ ತೆಂಗು ಹಚ್ಚಿದ. ಆ ತೋಟಕ್ಕೆ ಪಾಲ್ಮಾರ್ ಪೊಂತೆ, ಎಂದರೆ ಸೇತುವೆ ಬಳಿಯ ತೋಟ ಎಂಬ ಹೆಸರು ಬಂತು. ಮುಂದೆ ತೆಂಗಿನ ಸಾಲುಗಳ ನಡುವೆ ಮನೆಗಳ ಸಾಲು ಎದ್ದಿತು. 1827ರ ನಂತರದ ಕೆಲವು ವರ್ಷಗಳಲ್ಲಿ ದೊಂ ಮಾನುವೆಲ್ ದೆ ಪೊರ್ತುಗಾಲ್ ಎ ಕಾಸ್ತ್ರೊ ಎಂಬ ವೈಸರಾಯ್ ಪಣಜಿಯ ಮರಳುದಿಬ್ಬ ಕಡಿಸಿ, ಜವುಗು ತುಂಬಿಸಿ, ನೇರ ರಸ್ತೆಗಳನ್ನು ಹಾಕಿಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಗಿ ನೋವಾ ಗೋವಾ ಎನಿಸಿತು. ಪೇಟೆಯ ರಸ್ತೆಗಳು ಗೆರೆ ಎಳೆದಂತೆ ನೇರ. ಗುಡ್ಡದ ಈಚೆಯ ಫೊಂತೈನ್ಯಾಸ್ ಮಾತ್ರ ತನ್ನ ಡೊಂಕನ್ನು ಬಿಡಲಿಲ್ಲ. ಗುಡ್ಡದ ಬಾಗು ಹೇಗೋ ಓಣಿಯ ಬಾಗು ಹಾಗೆ.

ಮನೆಗಳ ಕಟ್ಟಡವನ್ನು ನಮ್ಮ ಕರಾವಳಿಯವರು ನೋಡಿದರೆ ಅರ್ಧ ಗುರುತು ಹಿಡಿಯುತ್ತಾರೆ. ಗೋಡೆ ಚಿರೇಕಲ್ಲು, ಮೇಲೆ ಸುಣ್ಣದ ಗಿಲಾವು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಿಟಕಿಗೆ ಹಚ್ಚಿದ್ದು ತೆಳ್ಳನೆಯ ಸಮುದ್ರದ ಚಿಪ್ಪು. ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಇನ್ನು ಮಾಡು. ಮೊದಲು ಅರೆಗೊಳವೆಯಂಥ ನಾಡಹೆಂಚು ಇತ್ತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಪಶ್ಚಿಮ ಕರಾವಳಿಯನ್ನೆಲ್ಲ ಹೊದ್ದಿತು, ಗೋವಾವನ್ನೂ ಬಿಡಲಿಲ್ಲ. ಪೋರ್ಚುಗೀಸ್ ಮನೆ ಎಂದು ಪ್ರವಾಸಿಗಳು ಬೆರಗಾಗಿ ನೋಡುವ ಮನೆಯ ತಲೆಯ ಮೇಲೆ ನೇತ್ರಾವತಿ ದಂಡೆಯ ಹೆಂಚಿನ ಮಾದರಿ ಇರುತ್ತದೆ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ಬಣ್ಣದ ಬಗ್ಗೆ ಒಂದು ಕಟ್ಟಳೆ ಇತ್ತು. ಬಿಳಿ ಬಣ್ಣ ಇಗರ್ಜಿಗೆ, ದೇವರ ಮನೆಗೆ ಮಾತ್ರ. ಜನರ ಮನೆಗೆ ಬೇರೆ ಬಣ್ಣ ಬಳಿಯಬೇಕು, ಅದೂ ಮಳೆಗಾಲ ಮುಗಿದ ಮೇಲೆ ವರ್ಷಾವರ್ಷ. ಇದು ಬರೀ ಅಂದಕ್ಕಾಗಿ ಅಲ್ಲ. 4 ತಿಂಗಳ ಕರಾವಳಿ ಮಳೆಗೆ ಸುಣ್ಣದ ಗೋಡೆ ಹಾವಸೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಳಿದರೆ ಗೋಡೆ ಉಳಿಯುತ್ತದೆ. ಈಗ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ, ಬಣ್ಣದ ಕೆಲಸಕ್ಕೆ ನಿಂತವರಲ್ಲಿ ವಿಜಾಪುರ, ಬಾಗಲಕೋಟೆ, ಗದಗ ಕಡೆಯವರು ಬಹಳ. ಆದಿಲಶಾಹನ ನಾಡಿನವರು ಮತ್ತೆ ಮಾಂಡೋವಿ ದಂಡೆಗೆ ಬಂದಿದ್ದಾರೆ, ಈ ಸಲ ಏಣಿ ಮತ್ತು ಕುಂಚ ಹಿಡಿದು. ಅವರನ್ನು ಅಲ್ಲಿ ಕೆಲವರು ಘಾಟಿ ಎಂದು ಹಗುರವಾಗಿ ಕರೆಯುವುದೂ ನಿಜ. ಕೇಳಿದವರು ನೊಂದುಕೊಳ್ಳುವುದೂ ನಿಜ.

ಕೇರಿಯ ದಕ್ಷಿಣದ ತುದಿಯಲ್ಲಿ ಸೈಂಟ್ ಸೆಬಾಸ್ಟಿಯನ್ನರ ಚಿಕ್ಕ ಕಪೇಲು ಇದೆ, 19ನೇ ಶತಮಾನದ್ದು. ಅದರೊಳಗಿನ ಒಂದು ಶಿಲುಬೆಯ ಮುಂದೆ ನಿಂತವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಸಾಮಾನ್ಯವಾಗಿ ಶಿಲುಬೆಯ ಮೇಲಿನ ಏಸುವಿನ ತಲೆ ಬಾಗಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಇಲ್ಲಿ ತಲೆ ನೆಟ್ಟಗಿದೆ, ಕಣ್ಣು ತೆರೆದಿದೆ. ಇದು ಹಳೇ ಗೋವಾದ ಇಂಕ್ವಿಜಿಶನ್ ಅರಮನೆಯಲ್ಲಿ, ಎಂದರೆ ಧರ್ಮವಿಚಾರಣೆಯ ನ್ಯಾಯಾಲಯದಲ್ಲಿ ಇದ್ದ ಶಿಲುಬೆ. ವಿಚಾರಣೆಗೆ ನಿಲ್ಲಿಸಿದವರು ಈ ಕಣ್ಣುಗಳ ಎದುರು ನಿಂತರು. ಆ ನ್ಯಾಯಾಲಯ 1560ರಲ್ಲಿ ಆರಂಭವಾಯಿತು, 1774ರಲ್ಲಿ ನಿಂತಿತು, 1778ರಲ್ಲಿ ಮತ್ತೆ ಎದ್ದಿತು, 1812ರಲ್ಲಿ ಕೊನೆಗೊಂಡಿತು. ಆಗ ಶಿಲುಬೆಯನ್ನು ಪಣಜಿಯ ಅರಮನೆಗೆ ತಂದರು, 1918ರಲ್ಲಿ ಇಲ್ಲಿಗೆ. ಆ 250 ವರ್ಷಗಳಲ್ಲಿ ದೇವರನ್ನು ಎದೆಗೆ ಕಟ್ಟಿಕೊಂಡು ಗಡಿ ದಾಟಿ ಬಂದವರ ವಂಶದವರು ಕಾರವಾರದಿಂದ ಮಂಗಳೂರಿನ ತನಕ ಇದ್ದಾರೆ. ಹಿಂದೂಗಳಷ್ಟೇ ಅಲ್ಲ, ಕ್ರೈಸ್ತರಾದ ಮೇಲೂ ಹಳೆಯ ರೂಢಿ ಬಿಡಲಾರದೆ ಓಡಿ ಬಂದವರೂ ಇದ್ದಾರೆ. ನಮ್ಮ ಶ್ರೋತೃಗಳಲ್ಲೇ ಅನೇಕರ ಮನೆಮಾತು ಕೊಂಕಣಿಯಾಗಿರುವುದು ಸುಮ್ಮನೆ ಅಲ್ಲ. ಅದೇ ಶಿಲುಬೆಗೆ ಈಗ ಕೇರಿಯ ಮುದುಕಿಯರು ಮೇಣದಬತ್ತಿ ಹಚ್ಚಿ ಮೊಮ್ಮಕ್ಕಳ ಪರೀಕ್ಷೆಗೆ ಬೇಡಿಕೊಳ್ಳುತ್ತಾರೆ. ಗುಡ್ಡದ ಮೇಲೆ ಮಾಳಾ ಭಾಗದಲ್ಲಿ ಮಾರುತಿಯ ಗುಡಿ ಇದೆ. ಜಾತ್ರೆಯ ದಿನ ಕೆಳಗಿನ ಓಣಿಗಳ ತನಕ ಅಂಗಡಿ ಹೂಡುತ್ತಾರೆ.

ಉತ್ತರಕ್ಕೆ ಸಾಂವ್ ತೊಮೆ ಎಂಬ ಪಕ್ಕದ ಕೇರಿ. ಅಲ್ಲಿ ಅಂಚೆ ಕಚೇರಿ ಇರುವ ಕಟ್ಟಡ ಹಿಂದೆ ತಂಬಾಕಿನ ವ್ಯಾಪಾರದ ಮನೆ. ಎದುರಿಗೆ 19ನೇ ಶತಮಾನದಲ್ಲಿ ಕೆಲವು ವರ್ಷ ನಾಣ್ಯ ಟಂಕಿಸಿದ ಮನೆ. 1787ರಲ್ಲಿ ಪಿಂಟೊ ಬಂಡಾಯವೆಂದು ಹೆಸರಾದ ಸಂಚು ಬಯಲಾಗಿ, 15 ಜನಕ್ಕೆ ಮರಣದಂಡನೆ ಆಯಿತು. ಗೋವಾದ ಪಾದ್ರಿಗಳಿಗೂ ಸೈನಿಕರಿಗೂ ಬಿಳಿಯರಿಗೆ ಸಿಗುವ ಹುದ್ದೆ ಸಿಗದಿದ್ದುದೇ ಅದರ ಮೂಲ. ಅವರನ್ನು ಕೊಂದದ್ದು ಈ ಚೌಕದ ಬಳಿಯೇ ಎಂದು ಹಿರಿಯರು ಹೇಳುತ್ತಾರೆ.

ಬ್ಯಾಂಕಿನ ಮನುಷ್ಯ ನಾಣ್ಯದ ಮಾತು ಬಂದಾಗ ಸುಮ್ಮನಿರಲಾರ. ಪೋರ್ಚುಗೀಸರ ಬಾಂಕೊ ನಾಸಿಯೊನಾಲ್ ಉಲ್ತ್ರಮರಿನೊ 1868ರಲ್ಲಿ ಇಲ್ಲಿ ಶಾಖೆ ತೆರೆಯಿತು. ಅದರ ನೋಟುಗಳಲ್ಲಿ ಮೊದಲು ರುಪಿಯ, 1958ರ ನಂತರ ಎಸ್ಕುದೊ. 1 ರುಪಿಯಕ್ಕೆ 6 ಎಸ್ಕುದೊ. 1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಬರುವ ಮೊದಲೇ, ಗೋವಾದ ಹೆಂಗಸರು ಅಡವಿಟ್ಟ ಬಂಗಾರವೆಲ್ಲ ಲಿಸ್ಬನ್ನಿಗೆ ಹೋಗಿಬಿಟ್ಟಿತ್ತು. ಅದು ಹಿಂದಿರುಗಿದ್ದು 1991ರಲ್ಲಿ. 30 ವರ್ಷ! ಅಡವಿಟ್ಟ ಬಳೆಗಾಗಿ ಕಾಯುತ್ತ ಎಷ್ಟು ಮಂದಿ ಕಣ್ಣು ಮುಚ್ಚಿದರೋ.

ಕೇರಿಯ ಮುಖ್ಯ ಬೀದಿಗೆ ‘31 ಜನವರಿ ರಸ್ತೆ’ ಎಂದು ಹೆಸರು. ಪೋರ್ಚುಗಲ್ ಸ್ಪೇನಿನಿಂದ ಬಿಡುಗಡೆಯಾದ ದಿನ ಎಂದು ಅನೇಕ ಮಾರ್ಗದರ್ಶಿಗಳು ಹೇಳುತ್ತಾರೆ. ಅದು ಸರಿಯಲ್ಲ. ಆ ಬಿಡುಗಡೆ 1640ರ ಡಿಸೆಂಬರ್ 1ರದು. ಜನವರಿ 31 ಎಂದರೆ 1891ರಲ್ಲಿ ಪೋರ್ತು ನಗರದಲ್ಲಿ ರಾಜನ ವಿರುದ್ಧ ಗಣರಾಜ್ಯವಾದಿಗಳು ಎದ್ದು ಸೋತ ದಿನ. ಆ ರಾಜರು ಹೋದದ್ದು 1910ರಲ್ಲಿ.

ರೇಡಿಯೊದಲ್ಲಿ ಮಾತನಾಡುವವನು ರೇಡಿಯೊ ಕಥೆ ಬಿಡಬಾರದು. ಫೊಂತೈನ್ಯಾಸಿನ ಹಿಂದಿನ ಅಲ್ತಿನ್ಯೊ ಗುಡ್ಡದ ಮೇಲೆಯೇ ಆಕಾಶವಾಣಿಯ ಪಣಜಿ ಕೇಂದ್ರ ಇದೆ. ಪೋರ್ಚುಗೀಸರ ಕಾಲದಲ್ಲಿ ಅದು 1946ರಲ್ಲಿ ಆರಂಭವಾದ ಎಮಿಸೋರ ದೆ ಗೋವಾ. ಆದರೆ 1955ರ ನವೆಂಬರ್ 25ರಿಂದ ಇನ್ನೊಂದು ದನಿ ಕದ್ದು ಕೇಳಿಸತೊಡಗಿತು. ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ ಎಂಬಿಬ್ಬರು ಕಾಡಿನಲ್ಲಿ ಪ್ರಸಾರಯಂತ್ರ ಇಟ್ಟುಕೊಂಡು ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಗೋವಾ ಬಿಡುಗಡೆಯ ಸುದ್ದಿ ಹೇಳಿದರು. ಮೊದಲು ಅಂಬೋಲಿ ಘಟ್ಟದಿಂದ; ಆಮೇಲೆ ಎಲ್ಲಿಂದ ಗೊತ್ತೆ? ನಮ್ಮ ಜೋಯಿಡಾ ತಾಲೂಕಿನ ಕ್ಯಾಸಲ್ ರಾಕಿನಿಂದ. ಮಳೆ, ಜಿಗಣೆ, ಹಾವು ಇವುಗಳ ನಡುವೆ ಸುಮಾರು 6 ವರ್ಷ. 1961ರ ಡಿಸೆಂಬರ್ 19ರಂದು ಅವರಿಬ್ಬರೂ ವಿಮಾನದಲ್ಲಿ ಕುಳಿತು, ಧ್ವನಿವರ್ಧಕ ಹಚ್ಚಿ, ಇದೇ ಪಣಜಿಯ ಹೆಂಚುಗಳ ಮೇಲೆ ಹಾರುತ್ತ ಬಿಡುಗಡೆಯ ಸುದ್ದಿ ಸಾರಿದರು. ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು, ಅವರಿಗೆ 100 ವರ್ಷವಾದ ಮೇಲೆ.

ಬಿಡುಗಡೆಯ ನಂತರ ಫೊಂತೈನ್ಯಾಸ್ ಏನಾಯಿತು? ಪೋರ್ಚುಗೀಸ್ ಕಚೇರಿಗಳ ಕೆಲವು ಮನೆತನಗಳು ಲಿಸ್ಬನ್ನಿಗೆ ಹೋದವು. ಕೆಲವು ಉಳಿದವು, ಮನೆಯಲ್ಲಿ ಪೋರ್ಚುಗೀಸನ್ನೂ ಬೀದಿಯಲ್ಲಿ ಕೊಂಕಣಿಯನ್ನೂ ಉಳಿಸಿಕೊಂಡು. ಈಗ ಹೋಗಿ ನೋಡಿದರೆ ಎರಡು ಬಗೆಯ ಮನೆ ಕಾಣುತ್ತವೆ. ಒಂದು, ಹೊಸ ಬಣ್ಣ ಬಳಿದುಕೊಂಡು ವಸತಿಗೃಹವೋ ಹೋಟೆಲೋ ಆದದ್ದು. ಇನ್ನೊಂದು, ಬೀಗ ಹಾಕಿ ಮಾಡಿನಲ್ಲಿ ಗಿಡ ಹುಟ್ಟಿದ್ದು. ನಡುವಿನದು, ಎಂದರೆ ಸಾಧಾರಣ ಸಂಸಾರ ಇರುವ ಮನೆ, ಕಡಿಮೆಯಾಗುತ್ತಿದೆ. ನೋಡಿದವರು ಜನಕ್ಕೆ ಅಭಿಮಾನ ಇಲ್ಲ ಎಂದು ಬೈದು ಹೋಗುತ್ತಾರೆ. ವಿಷಯ ಅಭಿಮಾನದ್ದಲ್ಲ, ಕಾಗದಪತ್ರದ್ದು.

ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ವಾರಸಾ ನಿಯಮಗಳು ಬಹುಕಾಲ ನಡೆದವು. 2012ರಲ್ಲಿ ಗೋವಾದ ವಿಧಾನಸಭೆ ಮಾಡಿದ ಹೊಸ ಕಾಯಿದೆಯಲ್ಲೂ ತಿರುಳು ಅದೇ. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ. ಮಕ್ಕಳಲ್ಲಿ ಗಂಡು ಹೆಣ್ಣು ಎನ್ನದೆ ಸಮಪಾಲು. ತಂದೆ ಸಿಟ್ಟಿನಿಂದ ಮರಣಪತ್ರ ಬರೆದರೂ ಮಕ್ಕಳಿಗೆ ಮೀಸಲಾದ ಅರ್ಧವನ್ನು ಬೇರೆಯವರಿಗೆ ಕೊಡಲಾಗದು. ಹೆಣ್ಣುಮಕ್ಕಳ ಪಾಲಿಗೆ ಇದಕ್ಕಿಂತ ನ್ಯಾಯವಾದದ್ದು ಬ್ರಿಟಿಷ್ ಭಾರತದಲ್ಲಿ ಇರಲಿಲ್ಲ. ಆದರೆ ಮನೆಯ ಗತಿ ನೋಡಿ. ಅಜ್ಜನ ಮನೆಗೆ 6 ಮಕ್ಕಳು ಒಡೆಯರು; ಒಬ್ಬೊಬ್ಬರಿಗೆ 4 ಮಕ್ಕಳಾದರೆ 24 ಒಡೆಯರು. ಅವರ ಗಂಡ ಹೆಂಡಿರ ಸಹಿಯೂ ಬೇಕು. ಒಬ್ಬ ಲಿಸ್ಬನ್ನಿನಲ್ಲಿ, ಒಬ್ಬಳು ಕೆನಡಾದಲ್ಲಿ. 1961ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗೀಸ್ ಪೌರತ್ವದ ದಾರಿ ಇರುವುದರಿಂದ ಹೊರಹೋಗುವವರು ನಿಂತಿಲ್ಲ. ಮಾಡು ಸೋರಿದರೆ ದುರಸ್ತಿಗೆ ಹಣ ಹಾಕುವವರು ಯಾರು? ಬ್ಯಾಂಕಿಗೆ ಬಂದು ಸಾಲ ಕೇಳಿದರೆ ನಾವು ಕೇಳುವ ಮೊದಲ ಪ್ರಶ್ನೆ, ಹಕ್ಕುಪತ್ರ ಯಾರ ಹೆಸರಿನಲ್ಲಿ? ತೀರಿಹೋದ ಅಜ್ಜನ ಹೆಸರಿನಲ್ಲಿ. ಅಲ್ಲಿಗೆ ಫೈಲು ಮುಚ್ಚಿತು. ಬಾಡಿಗೆಗೆ ಕೊಟ್ಟ ಮನೆಯಾದರೆ 1968ರ ಬಾಡಿಗೆ ನಿಯಂತ್ರಣ ಕಾಯಿದೆ. ಬಾಡಿಗೆದಾರನನ್ನು ಅದು ಕಾಪಾಡಿತು, ಸರಿ. ಹಳೆಯ ಬಾಡಿಗೆಯಲ್ಲಿ ಒಂದು ಸಾಲು ಹೆಂಚೂ ಬಾರದಾಯಿತು. ಹೀಗಾಗಿ ಹಣವಿರುವ ಹೋಟೆಲಿನವನು ಎಲ್ಲರ ಸಹಿ ಕೂಡಿಸಿ ಕೊಂಡ ಮನೆ ಮಾತ್ರ ಹೊಳೆಯುತ್ತದೆ. ಅವನು ಕೊಳ್ಳದಿದ್ದರೆ ಅದೂ ಬಿದ್ದುಹೋಗುತ್ತಿತ್ತು ಎಂಬುದನ್ನೂ ಒಪ್ಪಬೇಕು.

ಯುನೆಸ್ಕೊ ಪಟ್ಟಿಯಲ್ಲಿ ಫೊಂತೈನ್ಯಾಸ್ ಇದೆ ಎಂದು ಬಹಳ ಕಡೆ ಬರೆದಿರುತ್ತಾರೆ. 1986ರಲ್ಲಿ ಆ ಪಟ್ಟಿಗೆ ಸೇರಿದ್ದು ಹಳೇ ಗೋವಾದ ಚರ್ಚುಗಳು, ಮಠಗಳು. ಈ ಕೇರಿ ಪಣಜಿಯ ನಗರ ಯೋಜನೆಯ ಸಂರಕ್ಷಣಾ ವಲಯ, ಅಷ್ಟೇ. 2000ದ ನಂತರದ ಮೊದಲ ವರ್ಷಗಳಲ್ಲಿ ಊರ ಪರಂಪರೆಯ ಬಗ್ಗೆ ಕಾಳಜಿಯಿದ್ದವರು ಇಲ್ಲಿ ಕಲೆಯ ಉತ್ಸವ ನಡೆಸಿ, ಮನೆಮನೆಯ ಪಡಸಾಲೆಗಳಲ್ಲಿ ಚಿತ್ರ ತೂಗುಹಾಕಿದರು. ಕೇರಿಯ ಹೆಸರು ಹರಡಿತು. ಆಮೇಲೆ ಕೈಯಲ್ಲಿ ಕ್ಯಾಮರಾ ಇರುವ ಫೋನು ಬಂತು. ಈಗ ಮದುವೆಗೆ ಮುಂಚಿನ ಫೋಟೊ ತೆಗೆಸಲು ಜೋಡಿಗಳು ಬರುತ್ತಾರೆ, ಯಾರದೋ ಮೆಟ್ಟಿಲ ಮೇಲೆ ಕೂರುತ್ತಾರೆ, ಯಾರದೋ ಕಿಟಕಿಯಲ್ಲಿ ಇಣುಕುತ್ತಾರೆ. ಕಾಯಿಲೆಯ ಮುದುಕರು ಮಲಗಿರುವ ಮನೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಬಾಗಿಲುಗಳ ಮೇಲೆ ‘ಫೋಟೊ ತೆಗೆಯಬೇಡಿ’ ಎಂಬ ಫಲಕಗಳು ಬಂದಿವೆ.

ಮಳೆಗಾಲದಲ್ಲಿ ಅಲ್ಲಿ ಫೋಟೊ ತೆಗೆಯುವವರು ಕಡಿಮೆ, ನೀರು ಹೆಚ್ಚು. ಗುಡ್ಡದ ಮೇಲೆ ಕಟ್ಟಡಗಳು ಎದ್ದಷ್ಟೂ ಹನಿ ಇಂಗುವುದು ಕಡಿಮೆಯಾಗಿ ಕೆಳಗೆ ಇಳಿದು ಬರುವುದು ಹೆಚ್ಚಾಯಿತು. ಆ ಹೊತ್ತಿಗೆ ಔರೆಮ್ಮಿನಲ್ಲಿ ಭರತವಿದ್ದರೆ ಚರಂಡಿಯ ನೀರಿಗೆ ಹೊರದಾರಿ ಇಲ್ಲ. ಮಾಳಾ, ಫೊಂತೈನ್ಯಾಸ್ ಓಣಿಗಳಲ್ಲಿ ಮೊಣಕಾಲು ಮಟ್ಟ ನಿಲ್ಲುತ್ತದೆ. ಗಜನಿ ಬೇಸಾಯ ಬಲ್ಲ ನಮ್ಮ ರೈತರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ತೂಬಿನ ಬಾಗಿಲು ಭರತಕ್ಕೆ ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ನೀರು ನಿಲ್ಲಲು ಜವುಗು ಇರಬೇಕು. ಜವುಗಿನ ಮೇಲೆ ಪಾಟೊ ಕುಳಿತಿದೆ.

ಕುಡಿಯುವ ನೀರಿಗಾಗಿ ಕೇರಿಯವರು ಈಗ ಒರತೆಯನ್ನು ನಂಬಿಲ್ಲ. ಅದು ಬರುವುದು ಫೊಂಡಾ ಬಳಿಯ ಒಪಾದಿಂದ. ಒಪಾದ ನೀರು ಖಾಂಡೇಪಾರ ಹೊಳೆಯದು. ದೂಧಸಾಗರದ ನೀರು ಸೇರುವ ಹೊಳೆ ಅದು, ಮಹದಾಯಿಯ ಉಪನದಿ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24 ಟಿಎಂಸಿ ಎಂದು ಹಂಚಿತು. ಆ ತೀರ್ಪಿಗೆ ಎರಡೂ ಕಡೆಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಹುಬ್ಬಳ್ಳಿಯ ಬಾಯಾರಿಕೆ ಸುಳ್ಳಲ್ಲ. ಸಿಹಿನೀರು ತಗ್ಗಿದರೆ ಉಪ್ಪು ಇನ್ನೂ ಮೇಲಕ್ಕೆ ಏರುತ್ತದೆಂಬ ಪಣಜಿಯ ಅಂಜಿಕೆಯೂ ಸುಳ್ಳಲ್ಲ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ 8 ಗಂಟೆಯೊಳಗೆ ಹೋಗಿ, ಪೊದೇರ್ ಸೈಕಲ್ಲಿನ ಮೇಲೆ ಬಿಸಿ ಪಾವು ತರುವ ಹೊತ್ತಿಗೆ. ಔರೆಂ ರಸ್ತೆಯಿಂದ ಒಳಗೆ ತಿರುಗಿ, ಕಪೇಲಿನ ತನಕ ನಡೆದು, ಅಲ್ಲಿಂದ ಒರತೆಗೆ. ಯಾರಾದರೂ ಬಾಗಿಲಲ್ಲಿ ಕುಳಿತಿದ್ದರೆ ‘ದೇವ್ ಬರೊ ದೀಸ್ ದಿಂವ್’ ಎನ್ನಿ. ಕೊಂಕಣಿ ನಿಮಗೆ ಬರುತ್ತದೆ. ಯಾವೂರು ಎಂದು ಅವರು ಖಂಡಿತ ಕೇಳುತ್ತಾರೆ.